ಚೆಷೈರ್ ಅಂದರೆ ಯಾರು?

ಅಂಗವಿಕಲರನ್ನು ನೋಡಿಕೊಳ್ಳುವ ಬೆಂಗಳೂರಿನ ಚೆಷೈರ್ ಹೋಮ್ ಹೆಸರು ಎಷ್ಟೋ ಸಲ ಕೇಳಿದ್ದೆ. ಆ ಹೆಸರಿನ ಹಿಂದಿರುವ ಮನುಷ್ಯನ ಬಗ್ಗೆ ಓದಿದ್ದು ನಿನ್ನೆ ರಾತ್ರಿ.

ಲೆನರ್ಡ್ ಚೆಷೈರ್ ಬ್ರಿಟನ್ನಿನ ಬಾಂಬರ್ ಪೈಲಟ್. ಎರಡನೇ ಮಹಾಯುದ್ಧದಲ್ಲಿ 100 ದಾಳಿಗೆ ಹೋಗಿ ಜೀವಂತ ಮರಳಿದವರು. 25ನೇ ವಯಸ್ಸಿಗೇ ಗ್ರೂಪ್ ಕ್ಯಾಪ್ಟನ್ ಎಂಬ ವಾಯುಪಡೆಯ ದೊಡ್ಡ ಹುದ್ದೆಗೇರಿದರು. ಮತ್ತೆ ಹಾರಬೇಕು ಅಂತ ಹುದ್ದೆಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದು 617ನೇ ಸ್ಕ್ವಾಡ್ರನ್ ಎಂಬ ಬಾಂಬರ್ ಪಡೆ ಸೇರಿದರು.

1944ರ ಫೆಬ್ರವರಿ. ಫ್ರಾನ್ಸಿನ ಲಿಮೋಜ್‌ನಲ್ಲಿ ಜರ್ಮನ್ನರ ಹಿಡಿತದಲ್ಲಿದ್ದ ವಿಮಾನ ಎಂಜಿನ್ ಕಾರ್ಖಾನೆ. ಒಳಗೆ ರಾತ್ರಿ ಪಾಳಿಯ ಹೆಂಗಸರು. ಚೆಷೈರ್ ಮೊದಲು ಬಾಂಬ್ ಹಾಕಲಿಲ್ಲ. ಸೂರಿಗೆ ತಾಗುವಷ್ಟು ಕೆಳಗೆ ಮತ್ತೆ ಮತ್ತೆ ಹಾರಿ, ಓಡಿಹೋಗಿ ಅಂತ ಎಚ್ಚರಿಸಿದರು. ವೈರಿಗೂ ಸುಳಿವು ಸಿಗುತ್ತದೆ, ಅಲ್ವಾ? ಆದರೂ ಹಾರಿದರು. ನನಗೆ ಅವರಿಗೆ ಸಿಕ್ಕ ವಿಕ್ಟೋರಿಯಾ ಕ್ರಾಸ್ ಎಂಬ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕಕ್ಕಿಂತ ಇದೇ ದೊಡ್ಡದು.

1945ರ ಆಗಸ್ಟ್ 9ರಂದು ಜಪಾನಿನ ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದದ್ದನ್ನು ವಿಮಾನದಿಂದ ಕಣ್ಣಾರೆ ಕಂಡರು. ಆಮೇಲೆ ವಾಯುಪಡೆ ಬಿಟ್ಟರು. 1948ರಲ್ಲಿ, ಎಲ್ಲೂ ಜಾಗವಿಲ್ಲದ ಕ್ಯಾನ್ಸರ್ ರೋಗಿಯೊಬ್ಬರನ್ನು ತಮ್ಮ ಮನೆಗೆ ಕರೆತಂದು ತಾವೇ ಆರೈಕೆ ಮಾಡಿದರು. ಚೆಷೈರ್ ಹೋಮ್‌ಗಳು ಶುರುವಾಗಿದ್ದು ಹಾಗೆ.

ಒಂದೇ ಜೀವನದಲ್ಲಿ ಇಷ್ಟೆಲ್ಲ. ರಾತ್ರಿಯಿಂದ ಅದೇ ಯೋಚನೆ. ಮುಂದಿನ ಭಾನುವಾರ ಆ ಹೋಮ್‌ಗೆ ಹೋಗಿ ಬರುತ್ತೇನೆ.