ಒಂದೇ ಪುಟದಲ್ಲಿ ಐದು ‘ರಾಜಕೀಯ ಲಾಭ’

ಅಮೆರಿಕದ ಸಂಸತ್ತಿನ ಕುರಿತ ಇಂಗ್ಲಿಷ್ ಲೇಖನವೊಂದನ್ನು ಅನುವಾದಿಸಿ ಕಳುಹಿಸಿದ್ದೆ. ಮರುದಿನ ಬೆಳಿಗ್ಗೆ ಒಂದು ಪುಟ ಹಿಂದಿರುಗಿ ಬಂತು. ಐದು ಕಡೆ ಕೆಂಪು ಗೆರೆ. ಐದೂ ಕಡೆ ನಾನು ಬರೆದಿದ್ದುದು ‘ರಾಜಕೀಯ ಲಾಭಕ್ಕಾಗಿ’. ಅಂಚಿನಲ್ಲಿ ಸಂಪಾದಕರ ಪ್ರಶ್ನೆ: ಮೂಲದಲ್ಲೂ ಐದು ಸಲ ಇದೇ ಇದೆಯೇ?

ಇರಲಿಲ್ಲ. ಅಲ್ಲಿದ್ದುದು ಐದು ಬೇರೆ ಬೇರೆ ಪದಗಳು. ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಹೊಲಿದಿದ್ದೆ.

‘ಪ್ಯಾಂಡರಿಂಗ್’ ಸುಲಭವಾಗಿ ‘ಓಲೈಕೆ’ಯಾಯಿತು. ‘ಗ್ರ್ಯಾಂಡ್‌ಸ್ಟ್ಯಾಂಡಿಂಗ್’ ಸ್ವಲ್ಪ ಸತಾಯಿಸಿತು. ತಾನಾಗಿ ಕೈಗೆ ಬೀಳುವ ಚೆಂಡನ್ನೂ ಹಾರಿ, ಉರುಳಿ, ಪ್ರೇಕ್ಷಕರ ಅಟ್ಟಣೆಯತ್ತ ನೋಡಿಕೊಂಡೇ ಹಿಡಿಯುವ ಬೇಸ್‌ಬಾಲ್ ಆಟಗಾರನನ್ನು ಆಡಿಕೊಳ್ಳುವ ಮಾತಿನಿಂದ ಬಂದ ಪದ ಅದು. ‘ಗ್ಯಾಲರಿಗೆ ಆಡುವುದು’ ಎಂದು ಬರೆದೆ. ಅದೂ ಇಂಗ್ಲಿಷಿನ ಎಂಜಲೇ ಎಂದು ಹೊಳೆದು ಹೊಡೆದುಹಾಕಿದೆ. ‘ಚಪ್ಪಾಳೆ ಗಿಟ್ಟಿಸುವುದು’ ಅಷ್ಟು ಹೊತ್ತು ನಾಲಿಗೆಯ ತುದಿಯಲ್ಲೇ ಕುಳಿತಿತ್ತು.

ಅರ್ಧ ದಿನ ನುಂಗಿದ್ದು ‘ಬಂಕಮ್’. 1820ರಲ್ಲಿ ಮಿಸೌರಿಯನ್ನು ಗುಲಾಮಗಿರಿಯಿರುವ ರಾಜ್ಯವಾಗಿ ಸೇರಿಸಿಕೊಳ್ಳಬೇಕೇ ಎಂಬ ಚರ್ಚೆ ಅಮೆರಿಕದ ಸಂಸತ್ತಿನಲ್ಲಿ ಮುಗಿಯುತ್ತಾ ಬಂದಿತ್ತು. ಸದಸ್ಯರೆಲ್ಲ ಮತದಾನಕ್ಕೆ ಕಾತರರಾಗಿದ್ದಾಗ ಉತ್ತರ ಕೆರೊಲಿನಾದ ಫೆಲಿಕ್ಸ್ ವಾಕರ್ ಮಾತನಾಡಲು ಎದ್ದ. ಸಾಕು ಎಂದರೂ ಬಿಡಲಿಲ್ಲ. ತಾನು ಮಾತನಾಡಬೇಕಾದದ್ದು ಬಂಕಮ್‌ಗಾಗಿ ಎಂದುಬಿಟ್ಟ. ಬಂಕಮ್ ಅವನನ್ನು ಆರಿಸಿ ಕಳುಹಿಸಿದ ಕೌಂಟಿ, ಅಂದರೆ ಜಿಲ್ಲೆ. ಪಾಪ, ಆ ಕೌಂಟಿಯ ಹೆಸರೇ ಮುಂದೆ ಪೊಳ್ಳು ಮಾತಿಗೆ ಅಂಟಿಕೊಂಡಿತು. ನನಗಂತೂ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಕೇಳಿದ್ದಕ್ಕೆ ನಿಜವನ್ನೇ ಹೇಳಿದನಲ್ಲ! ‘ಬೂಟಾಟಿಕೆ’ ಸರಿಹೊಂದಲಿಲ್ಲ, ಅದರಲ್ಲಿ ಕಪಟವಿದೆ. ಕೊನೆಗೆ ‘ಊರಿಗೆ ಕೇಳಿಸಲೆಂದು ಆಡಿದ ಮಾತು’ ಎಂದು ಬಿಡಿಸಿ ಬರೆದೆ.

‘ಜೆರಿಮ್ಯಾಂಡರಿಂಗ್’ ಎಂದರೆ ತಮ್ಮ ಪಕ್ಷಕ್ಕೆ ಅನುಕೂಲವಾಗುವಂತೆ ಚುನಾವಣಾ ಕ್ಷೇತ್ರಗಳ ಗಡಿ ಎಳೆಯುವುದು. ಆ ಪದವನ್ನು ಮುಟ್ಟದೆ ಹಾಗೆಯೇ ಇಟ್ಟೆ. 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಎಲ್‌ಬ್ರಿಜ್ ಗೆರಿ ಸಹಿ ಹಾಕಿದ ಕ್ಷೇತ್ರ ವಿಂಗಡಣೆಯಲ್ಲಿ ಒಂದು ಕ್ಷೇತ್ರ ಹಲ್ಲಿಯಂಥ ಪ್ರಾಣಿಯಾದ ಸಾಲಮ್ಯಾಂಡರ್‌ನಂತೆ ಸೊಟ್ಟಗಿತ್ತು. ಗೆರಿಯ ಹೆಸರಿಗೆ ಆ ಪ್ರಾಣಿಯ ಬಾಲ ಸೇರಿತು. ಅದನ್ನು ಕನ್ನಡಿಸಹೊರಟರೆ ಬಾಲವೇ ಕಳಚಿಬೀಳುತ್ತದೆ.

ಉಳಿದದ್ದು ‘ಪಾಲಿಟಿಕಿಂಗ್’. ‘ಬೇಳೆ ಬೇಯಿಸಿಕೊಳ್ಳುವುದು’ ಎಂದು ಬರೆದು ನೋಡಿದೆ. ಚೆನ್ನಾಗಿತ್ತು, ಆದರೆ ಆ ವಾಕ್ಯದ ಗಾಂಭೀರ್ಯಕ್ಕೆ ಅಡುಗೆಮನೆಯ ವಾಸನೆ ಹತ್ತಿತು. ಆಮೇಲೆ ನನ್ನದೇ ಹಳೆಯ ವಾಕ್ಯ ಕಣ್ಣಿಗೆ ಬಿತ್ತು: ‘ರಾಜಕೀಯ ಲಾಭಕ್ಕಾಗಿ ರಾಜಕೀಯ ಮಾಡಿದರು.’ ಮೊದಲ ಎರಡು ಪದಗಳನ್ನು ಅಳಿಸಿ ಕಳುಹಿಸಿದೆ. ಈ ಸಲ ಕೆಂಪು ಗೆರೆ ಬರಲಿಲ್ಲ.