ಗದ್ದೆ ನೀರಿನ ಪಾಚಿ

ಮಂಡ್ಯದ ಕಡೆ ನಾಟಿ ಮುಗಿದಿದೆ. ವಿ.ಸಿ. ನಾಲೆ ನೀರು ಗದ್ದೆ ತುಂಬಾ ನಿಂತಿದೆ. ಪೈರಿನ ಬುಡದಲ್ಲಿ ತೇಲುವ ಹಸಿರು ಪಾಚಿಯನ್ನು ಬಗ್ಗಿ ನೋಡಿ, ಅದರ ಮೇಲೆಲ್ಲ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಬಿಸಿಲು ಏರಿದಂತೆ ಗುಳ್ಳೆಯೂ ಜಾಸ್ತಿ. ಪಾಚಿ ಬಿಡುತ್ತಿರುವ ಆಮ್ಲಜನಕ ಅದು.

ಮೊದಮೊದಲು ಭೂಮಿಯ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅಂತಲೇ ಹೇಳಬೇಕು. ಗದ್ದೆಯಲ್ಲಿ ಕಾಣುವ ನೀಲಿ-ಹಸಿರು ಪಾಚಿಯ ಹಳೇ ಸಂತತಿಯೇ ನೀರಿನಲ್ಲಿದ್ದುಕೊಂಡು ಅದನ್ನು ಬಿಡುತ್ತಾ ಬಂತು. ಸುಮಾರು 240 ಕೋಟಿ ವರ್ಷಗಳ ಹಿಂದೆ ಅದು ಗಾಳಿಗೆ ಸೇರತೊಡಗಿತು. ಈಗ ನಾವು ಉಸಿರಾಡುವ ಗಾಳಿಯಲ್ಲಿ ಶೇ. 21ರಷ್ಟು ಅದೇ. ಮೇಲಿನ ಓಝೋನ್ ಪದರವೂ ಅದರಿಂದಲೇ ಆದದ್ದು. ಅದಿಲ್ಲದಿದ್ದರೆ ಸೂರ್ಯನ ನೇರಳಾತೀತ ಕಿರಣಕ್ಕೆ ಪೈರೂ ಉಳಿಯುತ್ತಿರಲಿಲ್ಲ, ನಾಟಿ ಹಾಕುವ ಹೆಣ್ಣುಮಕ್ಕಳೂ ಗದ್ದೆಗೆ ಇಳಿಯೋ ಹಾಗಿರಲಿಲ್ಲ.

ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04 ಅಷ್ಟೇ. ಆದರೂ ಅದು ಮತ್ತು ನೀರಾವಿ ಸೇರಿ ನೆಲದ ಕಾವನ್ನು ಹಿಡಿದಿಟ್ಟಿವೆ. ಅದಕ್ಕೇ ಭೂಮಿಯ ಸರಾಸರಿ ಉಷ್ಣಾಂಶ 15 ಡಿಗ್ರಿಯ ಆಸುಪಾಸು. ಇಲ್ಲವಾದರೆ ಮೈನಸ್ 18! ಚಂದ್ರನೂ ಸೂರ್ಯನಿಂದ ನಮ್ಮಷ್ಟೇ ದೂರ ಅಲ್ವಾ? ಹೊದೆಯೋಕೆ ಗಾಳಿಯಿಲ್ಲ. ಹಗಲು 120 ಡಿಗ್ರಿ ಸುಡುತ್ತದೆ, ರಾತ್ರಿ ಮೈನಸ್ 130.

ಇಷ್ಟು ಹದವಾಗಿ ಕೂಡಿಬಂದಿದ್ದನ್ನು ನೆನೆದರೆ ನನಗೆ ನಿಜಕ್ಕೂ ಮೈ ಜುಮ್ ಅನ್ನುತ್ತದೆ. ಭಯವೂ ಆಗುತ್ತದೆ. ಆ 0.04 ಇದೆಯಲ್ಲ, ನೂರೈವತ್ತು ವರ್ಷದ ಹಿಂದೆ ಅದು 0.03 ಕೂಡ ಮುಟ್ಟಿರಲಿಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಏರಿಸಿದವರು ನಾವೇ.