ಲಾಂಚ್ ಕಾಯುತ್ತಿದ್ದ ದಿನಗಳ ಊರಿಗೆ

ಶಿವಮೊಗ್ಗದಿಂದ ಹೊರಟ ತಾಳಗುಪ್ಪದ ರೈಲು ಕುಂಸಿ ದಾಟಿತೆಂದರೆ ಕಾಡು ಕಿಟಕಿಯ ತನಕ ಬರುತ್ತದೆ. ಎಂಬತ್ತರ ದಶಕದಲ್ಲಿ ಬೇಸಿಗೆ ರಜೆಗೂ ಒಮ್ಮೊಮ್ಮೆ ಡಿಸೆಂಬರ್ ರಜೆಗೂ ತುಮರಿ ಕಡೆಯ ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದುದು ಇದೇ ಹಾದಿಯಲ್ಲಿ. ಆಗಿನದು ಮೀಟರ್ ಗೇಜ್ ಹಳಿ, ಉಗಿಬಂಡಿ. ತಲೆ ಹೊರಗೆ ಹಾಕಬೇಡಿ ಎಂದು ಅಮ್ಮ ಎಷ್ಟು ಹೇಳಿದರೂ ಇಳಿಯುವ ಹೊತ್ತಿಗೆ ನಮ್ಮ ಅಂಗಿಯ ತುಂಬ ಕಲ್ಲಿದ್ದಲ ಕರಿ. ಆ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿ 2011ರಲ್ಲಿ ತಾಳಗುಪ್ಪದವರೆಗೆ ಮತ್ತೆ ರೈಲು ಬಿಟ್ಟರು. ಈ ಚಳಿಗಾಲದಲ್ಲಿ ನಾನು ಹತ್ತಿದ್ದು ಅದನ್ನೇ.

ಅರಸಾಳಿನಲ್ಲಿ ಹಳೆಯ ನಿಲ್ದಾಣದ ಕಟ್ಟಡವನ್ನು ಉಳಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಶಂಕರ್‌ನಾಗ್ ತಮ್ಮ ದೂರದರ್ಶನ ಧಾರಾವಾಹಿಯ ರೈಲು ನಿಲ್ದಾಣವನ್ನು ಚಿತ್ರೀಕರಿಸಿದ್ದು ಇಲ್ಲಿಯೇ. ಮೀಟರ್ ಗೇಜಿನ ಬೋಗಿಯನ್ನೂ ತಂದು ನಿಲ್ಲಿಸಿದ್ದಾರೆ. ಒಳ್ಳೆಯ ಕೆಲಸ. ನನಗೆ ಮಾತ್ರ ನೆನಪಾದದ್ದು ಟಿಕೆಟ್. ಬೆರಳುದ್ದದ ದಪ್ಪ ರಟ್ಟಿನ ತುಂಡು ಅದು. ಕಿಂಡಿಯ ಆಚೆ ಗೂಡುಗೂಡಾಗಿದ್ದ ಮರದ ಕಪಾಟಿನಿಂದ ಒಂದನ್ನು ಎಳೆದು, ಕಬ್ಬಿಣದ ಯಂತ್ರದ ಬಾಯಿಗೆ ತೂರಿಸಿದರೆ ಟಕ್ಕೆಂದು ತಾರೀಖು ಬೀಳುತ್ತಿತ್ತು. ಮಸಿಯಿಲ್ಲದೆ ಒತ್ತಿದ ಆ ಅಂಕಿಗಳನ್ನು ಹೆಬ್ಬೆರಳಿನಿಂದ ಸವರಿದರೆ ಉಬ್ಬು ತಗುಲುತ್ತಿತ್ತು. ಇಳಿದಾಗ ಅದನ್ನು ನಿಲ್ದಾಣದವರಿಗೆ ವಾಪಸು ಕೊಡಬೇಕು. ಅದಕ್ಕಾಗಿ ಅತ್ತ ತಮ್ಮನನ್ನು ಸುಮ್ಮನಾಗಿಸಲು ಅಪ್ಪ ಪಟ್ಟ ಪಾಡು ಕಣ್ಣಿಗೆ ಕಟ್ಟಿದಂತಿದೆ.

ಆನಂದಪುರ ಕಳೆದು ಸಾಗರ ಜಂಬಗಾರಿನಲ್ಲಿ ಇಳಿದೆ. ಅಲ್ಲಿಂದ ಸಿಗಂದೂರಿನ ಕಡೆಯ ಬಸ್ಸು. ಮೊದಲೆಲ್ಲ ಈ ಬಸ್ಸು ಹೊಳೆಬಾಗಿಲಿನಲ್ಲಿ ನಮ್ಮನ್ನು ಇಳಿಸುತ್ತಿತ್ತು. ಎದುರಿಗೆ ಕಣ್ಣು ಹಾಯುವವರೆಗೂ ಶರಾವತಿಯ ಹಿನ್ನೀರು. ಆಚೆ ದಡ ಕಳಸವಳ್ಳಿ. ಲಾಂಚ್ ಈಗಷ್ಟೇ ಹೋಗಿದೆ ಅಂದರೆ ಮುಗಿಯಿತು, ಅದು ಅಲ್ಲಿ ತುಂಬಿಕೊಂಡು ಬರುವವರೆಗೆ ದಡದಲ್ಲೇ ಠಿಕಾಣಿ.

ಆ ಕಾಯುವಿಕೆಯ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಆ ಸೀಮೆಯ ಬದುಕಿನ ದೊಡ್ಡ ಪಾಲು ನಡೆಯುತ್ತಿದ್ದದ್ದೇ ಅಲ್ಲಿ. ಸೀಮೆಎಣ್ಣೆ ಡಬ್ಬ, ಸೊಸೈಟಿಯ ಸಕ್ಕರೆ ಚೀಲ, ಹಿಂಡಿ ಮೂಟೆ, ಕಾಲು ಕಟ್ಟಿದ ಕೋಳಿ, ಸಾಗರದಲ್ಲಿ ಹೊಲಿಸಿದ ಮದುವೆ ರವಿಕೆಗಳ ಗಂಟು, ಎಲ್ಲವೂ ಸಾಲಾಗಿ ನೆಲದ ಮೇಲೆ. ಯಾರ ಮನೆಗೆ ಯಾರು ಬಂದರು, ಯಾರ ಅಡಿಕೆಗೆ ಕೊಳೆ ಬಂತು, ಯಾರ ಮಗಳಿಗೆ ಗಂಡು ನಿಶ್ಚಯವಾಯಿತು ಎಂಬುದು ಊರಿಗೆ ತಿಳಿಯುವ ಮೊದಲು ದಡಕ್ಕೆ ತಿಳಿಯುತ್ತಿತ್ತು. ಪತ್ರ ಬರೆಯದೆ ಹೋದರೂ ನಾವು ಬರುವ ಸುದ್ದಿ ಹಿಂದಿನ ಲಾಂಚಿನಲ್ಲೇ ಚಿಕ್ಕಮ್ಮನನ್ನು ಮುಟ್ಟಿರುತ್ತಿತ್ತು. ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವಳ ಮೊದಲ ಪ್ರಶ್ನೆ: "ಎಷ್ಟು ಹೊತ್ತು ಕಾದಿರಿ?"

ಈಗ ಹೊಳೆಬಾಗಿಲಿನಲ್ಲಿ ಬಸ್ಸು ನಿಲ್ಲಲಿಲ್ಲ. 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆದ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಪಕ್ಕದಲ್ಲಿದ್ದ ಹುಡುಗ ಮೊಬೈಲ್ ತೆಗೆದು ಚಿತ್ರ ಹಿಡಿಯುವಷ್ಟರಲ್ಲಿ ಕಳಸವಳ್ಳಿ ಬಂದಿತ್ತು.

ಚಿಕ್ಕಮ್ಮನ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಸದ್ದು ಮಾಡುತ್ತಿತ್ತು. ನಮ್ಮ ಕಾಲದಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ ರಾತ್ರಿ ಊಟ ಮುಗಿಸಿ ಅಕ್ಕಪಕ್ಕದ ಹೆಂಗಸರೂ ಗಂಡಸರೂ ಇಲ್ಲಿಗೆ ಬರುತ್ತಿದ್ದರು. ನಡುವೆ ಗ್ಯಾಸ್‌ಲೈಟು, ಸುತ್ತ ಮಣೆಗೆ ಸಿಕ್ಕಿಸಿದ ಮೆಟ್ಟುಗತ್ತಿಗಳು. ಅಡಿಕೆಯನ್ನು ಕತ್ತಿಯ ಅಲಗಿಗೆ ಒತ್ತಿ ಒಮ್ಮೆ ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಬೇಳೆ ಇನ್ನೊಂದು ಕಡೆ. ಚಿಕ್ಕಮ್ಮ ಕತ್ತಿಯ ಕಡೆ ನೋಡುತ್ತಲೇ ಇರಲಿಲ್ಲ, ಕಣ್ಣು ಮಾತಾಡುವವರ ಮೇಲೆ, ಕೈ ತನ್ನ ಪಾಡಿಗೆ. ಕೂಲಿಯ ಲೆಕ್ಕ ಡಬ್ಬದ ಮೇಲೆ. ಕಂಬಕ್ಕೆ ನೇತುಹಾಕಿದ ರೇಡಿಯೋದಲ್ಲಿ ಭದ್ರಾವತಿ ಆಕಾಶವಾಣಿ. ಯಕ್ಷಗಾನ ಬಂದ ರಾತ್ರಿ ಯಾರೂ ಬೇಗ ಏಳುತ್ತಿರಲಿಲ್ಲ, ಒಂದೆರಡು ಡಬ್ಬ ಹೆಚ್ಚೇ ತುಂಬುತ್ತಿತ್ತು. ಬೆಳಿಗ್ಗೆ 6.55ಕ್ಕೆ ಅದೇ ರೇಡಿಯೋ "ಇಯಮ್ ಆಕಾಶವಾಣೀ" ಎಂದು ಸಂಸ್ಕೃತ ವಾರ್ತೆ ಶುರು ಮಾಡಿದರೆ ನಾವು ಹಂಡೆಯ ಒಲೆಯ ಮುಂದೆ ಹಲ್ಲುಜ್ಜುತ್ತ ಕೂತಿರಬೇಕು, ಪ್ರದೇಶ ಸಮಾಚಾರದ ಹೊತ್ತಿಗೆ ದೋಸೆ. ಆ ಮನೆಯಲ್ಲಿ ಗೋಡೆ ಗಡಿಯಾರಕ್ಕಿಂತ ರೇಡಿಯೋಗೇ ಮರ್ಯಾದೆ ಹೆಚ್ಚು.

ಆ ರಾತ್ರಿಗಳು ನನಗೆ ಇಂದಿಗೂ ಪ್ರಿಯ. ಆದರೆ ಆ ಗ್ಯಾಸ್‌ಲೈಟು ಏಕಿತ್ತು ಎಂಬುದನ್ನು ಮರೆತು ಹಾಡಿ ಹೊಗಳುವುದು ಅನ್ಯಾಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಈ ಸೀಮೆಯ ಗದ್ದೆ ತೋಟಗಳು ಮುಳುಗಿದವು. ಇದ್ದ ರಸ್ತೆ ನೀರಿನಡಿ ಹೋಗಿ ಈ ಊರುಗಳು ದ್ವೀಪವಾದವು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳನ್ನು ಓಡಿಸುತ್ತಿದ್ದಾಗ ಚಿಕ್ಕಮ್ಮ ಬುಡ್ಡಿದೀಪದ ಗಾಜು ಒರೆಸುತ್ತಿದ್ದಳು. ರಜೆಗೆ ಬಂದು ಹೋಗುವ ನಮಗೆ ದಡದಲ್ಲಿ ಕಾಯುವುದು ಆಟ. ಇಲ್ಲಿಯೇ ಬಾಳಿದವರಿಗೆ ಹಾಗಿರಲಿಲ್ಲ.

ಮಧ್ಯಾಹ್ನ ಅಪ್ಪೆಹುಳಿ ಬಡಿಸುತ್ತ ಚಿಕ್ಕಮ್ಮ ತಾನಾಗಿಯೇ ಆ ಮಾತು ತೆಗೆದಳು. ಚಿಕ್ಕಪ್ಪನಿಗೆ ಎದೆನೋವು ಬಂದದ್ದು ರಾತ್ರಿ. ಕತ್ತಲಾದ ಮೇಲೆ ಲಾಂಚ್ ಇಲ್ಲ. ಹೊಸನಗರದ ಮೇಲಿನ ಸುತ್ತು ಹಾದಿಗೆ ಹೋಗೋಣವೆಂದರೆ ಗಾಡಿಯಿಲ್ಲ. ಕಂಬಳಿ ಹೊದಿಸಿ ದಡದಲ್ಲಿ ಮಲಗಿಸಿಕೊಂಡು ಬೆಳಗು ಮಾಡಿದರಂತೆ. "ಅವರು ಉಳಿದದ್ದು ಅಮ್ಮನವರ ದಯೆ. ಎದುರು ಮನೆಯವರ ಸೊಸೆ ಉಳಿಯಲಿಲ್ಲ" ಎಂದಳು. ಇಷ್ಟು ವರ್ಷಗಳಲ್ಲಿ ಇದನ್ನು ನಮ್ಮೆದುರು ಅವಳು ಹೇಳಿರಲಿಲ್ಲ.

"ಲಾಂಚ್ ಹೋಯಿತೆಂದು ಬೇಸರವಿಲ್ಲವಾ ಚಿಕ್ಕಮ್ಮ?" ಎಂದೆ.

"ದಡದಲ್ಲಿ ಸಿಗುತ್ತಿದ್ದವರು ಈಗ ಸಿಗುವುದಿಲ್ಲ, ಅದೊಂದು ಇದೆ" ಎಂದು ಒಪ್ಪಿಕೊಂಡಳು. ಮರುಕ್ಷಣವೇ ಮಾತು ಫೆಬ್ರುವರಿಯ ಮಾರಿಕಾಂಬಾ ಜಾತ್ರೆಗೆ ಹೊರಳಿತು. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಜಾತ್ರೆಯನ್ನು ಅವಳು ಇಲ್ಲಿಯವರೆಗೆ ಹಗಲಿನಲ್ಲಿ ಮಾತ್ರ ನೋಡಿದ್ದಾಳೆ, ಕೊನೆಯ ಲಾಂಚಿಗೆ ಓಡಿ ಬರಬೇಕಿತ್ತಲ್ಲ. ಈ ಬಾರಿ ದೀಪ ಹಚ್ಚಿದ ಪೇಟೆಯೆಲ್ಲ ಸುತ್ತಿ, ನಾಟಕವೊಂದನ್ನು ಪೂರ್ತಿ ನೋಡಿ, ಎಷ್ಟು ಹೊತ್ತಾದರೂ ಮನೆಗೇ ಬಂದು ಮಲಗುತ್ತಾಳಂತೆ. ಪಕ್ಕದ ಮನೆಯವರ ಕಾರಿನಲ್ಲಿ ಜಾಗವನ್ನು ಈಗಲೇ ಹೇಳಿಟ್ಟಿದ್ದಾಳೆ. ನನಗೂ ಬರಲು ಹೇಳಿದ್ದಾಳೆ, ರಜೆ ಹಾಕಿದ್ದೇನೆ.